ಕಪ್ಪು ಜನರ ಕನಸಿನ ಕತೆಗಳನ್ನು ನಮ್ಮ ಮಕ್ಕಳು ಏಕೆ ಓದಬೇಕು?

(ತಲ್ಲೂರಿನಲ್ಲಿ ಸೇರಿದ ಓದುಕೂಟದಲ್ಲಿ ಮಾಡಿದ ಭಾಷಣ)

ಹಗಲೆಲ್ಲ ಮಿಲ್ಲಿನಲ್ಲಿಯೋ ಗೇರುಬೀಜದ ಕಾರ್ಖಾನೆಯಲ್ಲಿಯೋ ದುಡಿದು, ಇಲ್ಲವೆ ಅಂಗಡಿಯ ಬಾಗಿಲು ಹಾಕಿ ಲೆಕ್ಕ ಮುಗಿಸಿ, ಈ ಹೊತ್ತಿಗೆ ಇಲ್ಲಿ ಬಂದು ಕುಳಿತ ತಮ್ಮ ಮುಂದೆ ಸಾಹಿತ್ಯದ ಮಾತೆತ್ತುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅದೂ ಅಮೇರಿಕದ ಕಪ್ಪು ಜನರು ಬರೆದ ಕಲ್ಪನೆಯ ಕತೆ, ಕವಿತೆಗಳ ಮಾತು. "ಅದೆಲ್ಲ ಬಿಡಿ ಮಾರಾಯ್ರೆ, ಸಂಬಳದ ಮಾತು ಹೇಳಿ, ಅಕ್ಕಿಯ ಧಾರಣೆಯ ಮಾತು ಹೇಳಿ" ಎಂದು ಯಾರಾದರೂ ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಅದು ನ್ಯಾಯವೇ. ಆ ಪ್ರಶ್ನೆಗೆ ಉತ್ತರ ಕೊಡದೆ ನಾವು ಇಲ್ಲಿಂದ ಏಳುವುದಿಲ್ಲ.

ವಿಷಯ ಎದ್ದುದು ಹೀಗೆ. ನಮ್ಮ ಮನೆಗಳ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ವಾಣಿಜ್ಯ ಓದುವ ಹುಡುಗನಿಗೂ ವಿಜ್ಞಾನ ಓದುವ ಹುಡುಗಿಗೂ ಮೊದಮೊದಲ ವರ್ಷಗಳಲ್ಲಿ ಭಾಷೆಯ ಪಾಠವೊಂದಿರುತ್ತದೆ. ಅನೇಕರಿಗೆ ಅದೇ ಸಾಹಿತ್ಯದ ಮೊದಲ ಪಾಠ. ಹೆಚ್ಚಿನವರಿಗೆ ಅದೇ ಕೊನೆಯದೂ ಹೌದು. ಸಿಕ್ಕುವ ಆ ಒಂದು ಅವಕಾಶದಲ್ಲಿ ಅವರ ಕೈಗೆ ಏನನ್ನು ಕೊಡಬೇಕು? ಅಮೇರಿಕದ ಅನೇಕ ಕಾಲೇಜುಗಳಲ್ಲಿ ಸಾಹಿತ್ಯದ ಪ್ರವೇಶ ಪಾಠದಲ್ಲಿಯೇ ಕಪ್ಪು ಲೇಖಕರ ಕಲ್ಪನೆಯ ಕತೆಗಳನ್ನೂ ಕವಿತೆಗಳನ್ನೂ ಓದಿಸುತ್ತಾರೆ. ಅವರು ಹಾಗೆ ಮಾಡುವುದಕ್ಕೆ ಕಾರಣವೇನು, ಅದರಿಂದ ಕುಂದಾಪುರ ಸೀಮೆಯವರಾದ ನಾವು ಕಲಿಯಬೇಕಾದುದೇನು, ಇಷ್ಟೇ ಇಂದಿನ ಮಾತು.

ಕಲ್ಪನೆಯ ಕತೆಯೆಂದರೆ ತಮಗೆ ಹೊಸತಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟಕ್ಕೆ ಕುಳಿತು, ಚಂಡೆಯ ಪೆಟ್ಟಿಗೆ ಕಣ್ಣು ತೆರೆದು, ದೇವೇಂದ್ರನ ಒಡ್ಡೋಲಗವನ್ನು ನೋಡಿದವರು ತಾವು. ರಾತ್ರಿಯೆಲ್ಲ ಸ್ವರ್ಗ ಪಾತಾಳಗಳನ್ನು ಸುತ್ತಿ ಬಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವವರಿಗೆ ಊಹೆಯೆಂದರೇನು ಎಂಬುದನ್ನು ಯಾವ ಪಂಡಿತನೂ ಕಲಿಸಬೇಕಾದುದಿಲ್ಲ. "ಈಗಿರುವಂತೆ ಅಲ್ಲದೆ ಬೇರೆಯಾಗಿ ಇದ್ದಿದ್ದರೆ?" ಎಂಬ ಪ್ರಶ್ನೆಯಿಂದ ಹುಟ್ಟುವ ಕತೆ ಅದು. ಅದರಲ್ಲಿ ಮನುಷ್ಯ ಹಿಂದಿನ ಕಾಲಕ್ಕೆ ಹೋಗಬಹುದು, ಮುಂದಿನ ಕಾಲವನ್ನು ಕಾಣಬಹುದು, ಆಕಾಶದಿಂದ ಯಾರೋ ಇಳಿದು ಬರಬಹುದು. ಆದರೆ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಕತೆಯಲ್ಲಿ ಕನಸು ಕಾಣುವವನು ಯಾರು? ಚಾವಡಿಯಲ್ಲಿ ಕುಳಿತವನೋ, ಅಂಗಳದಾಚೆ ನಿಂತವನೋ?

ಅಮೇರಿಕದ ಕಪ್ಪು ಜನರ ಹಿರಿಯರನ್ನು ಆಫ್ರಿಕದಿಂದ ಹಡಗುಗಳಲ್ಲಿ ಸರಪಳಿ ಬಿಗಿದು ತಂದು ಸಂತೆಯಲ್ಲಿ ಮಾರಿದರು ಎಂಬುದು ತಮಗೆ ತಿಳಿದ ಸಂಗತಿ. ಹತ್ತಿಯ ತೋಟ, ತಂಬಾಕಿನ ತೋಟ, ಕಬ್ಬಿನ ತೋಟಗಳಲ್ಲಿ ತಲೆಮಾರುಗಟ್ಟಲೆ ಅವರು ದುಡಿದರು. ಅವರ ಹೆಸರು ಹೋಯಿತು, ಭಾಷೆ ಹೋಯಿತು, ಅಜ್ಜನ ಊರು ಯಾವುದೆಂಬುದು ಮರೆಯಿತು. ಓದು ಬರಹ ಅವರ ಬಳಿ ಸುಳಿಯಬಾರದೆಂದು ಕಾನೂನೇ ಆಯಿತು: 1830ರಲ್ಲಿ ಉತ್ತರ ಕೆರೊಲಿನಾ ರಾಜ್ಯವು ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವೆಂದು ಶಾಸನ ಮಾಡಿತು. ಅದಕ್ಕೂ ಮೊದಲು, 1773ರಲ್ಲಿ, ಫಿಲಿಸ್ ವೀಟ್ಲಿ ಎಂಬ ಗುಲಾಮ ಯುವತಿಯ ಕವಿತೆಗಳ ಪುಸ್ತಕ ಅಚ್ಚಾಯಿತು. "ಈ ಕವಿತೆಗಳನ್ನು ಇವಳೇ ಬರೆದಿದ್ದಾಳೆ" ಎಂಬ ಅರ್ಥದ ಹೇಳಿಕೆಯೊಂದನ್ನು, ಬಾಸ್ಟನ್ ನಗರದ ದೊಡ್ಡ ಮನುಷ್ಯರ ಸಹಿಗಳೊಡನೆ, ಪುಸ್ತಕದ ಮೊದಲಲ್ಲಿಯೇ ಮುದ್ರಿಸಬೇಕಾಯಿತು. ಧಣಿಗಳು ಸಾಕ್ಷಿ ಹೇಳದೆ ಅವಳ ಕನಸನ್ನು ನಂಬುವವರಿರಲಿಲ್ಲ!

ಹಿಂದಿನದನ್ನು ಕಳೆದುಕೊಂಡು, ಇಂದಿನದರಲ್ಲಿ ಪಾಲಿಲ್ಲದೆ ಇದ್ದವರಿಗೆ ಉಳಿಯುವುದು ಏನು? ಊಹೆಯೊಂದೇ. ಆದುದರಿಂದ ಆ ಜನರ ಸಾಹಿತ್ಯದಲ್ಲಿ ಊಹೆಯು ಹೊತ್ತು ಕಳೆಯುವ ಆಟವಾಗಲಿಲ್ಲ. ಅದು ಅವರ ದಾವೆಯಾಯಿತು.

ಒಂದು ಉದಾಹರಣೆ ನೋಡಿ. 1803ರಲ್ಲಿ ಜಾರ್ಜಿಯಾದ ಸೇಂಟ್ ಸೈಮನ್ಸ್ ದ್ವೀಪಕ್ಕೆ ಆಫ್ರಿಕದ ಇಗ್ಬೋ ಜನರನ್ನು ಹಡಗಿನಲ್ಲಿ ತಂದರು. ಅವರು ಹಡಗಿನವರ ಮೇಲೆ ತಿರುಗಿಬಿದ್ದು ದಡಕ್ಕಿಳಿದರು. ಗುಲಾಮರಾಗಿ ಬದುಕುವುದಕ್ಕಿಂತ ಸಾವೇ ಲೇಸೆಂದು ಹಲವರು ಹಿನ್ನೀರಿನ ಕೊಲ್ಲಿಯೊಳಕ್ಕೆ ನಡೆದುಹೋದರು. ಧಣಿಗಳ ಲೆಕ್ಕದಲ್ಲಿ ಅದು ನಷ್ಟದ ಬಾಬತ್ತು. ಆ ಕರಾವಳಿಯ ಕಪ್ಪು ಜನರ ಬಾಯಲ್ಲಿ ಮಾತ್ರ ಕತೆ ಬೇರೆಯಾಯಿತು: ಅವರು ಮುಳುಗಲಿಲ್ಲ, ರೆಕ್ಕೆ ಬಂದು ಆಫ್ರಿಕಕ್ಕೆ ಹಾರಿಹೋದರು. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿದ ಈ ಹಾರುವ ಜನರ ಕತೆಯನ್ನು ಟೋನಿ ಮಾರಿಸನ್ ಅವರು 1977ರ ತಮ್ಮ 'ಸಾಂಗ್ ಆಫ್ ಸಾಲೊಮನ್' ಕಾದಂಬರಿಯಲ್ಲಿ ನೆಯ್ದರು. 1993ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಈಗ ನಮ್ಮ ಕರಾವಳಿಗೆ ಬನ್ನಿ. ಕೊರಗ ತನಿಯನ ಕತೆಯನ್ನು ಕೇಳದವರು ಇಲ್ಲಿ ಯಾರಿದ್ದಾರೆ? ತಬ್ಬಲಿಯಾದ ಕೊರಗರ ಹುಡುಗ. ಬೈದೆದಿ ತಾಯಿಯೊಬ್ಬಳು ಅವನನ್ನು ಸಾಕಿದಳು. ಹಲವು ಆಳುಗಳು ಹೊರಬೇಕಾದ ಹೊರೆಯನ್ನು ಅವನೊಬ್ಬನೇ ಹೊತ್ತುಕೊಂಡು ದೈವಸ್ಥಾನಕ್ಕೆ ಹೋದ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಕೂಡದು ಎಂದರು. ಸಾಕಿದ ತಾಯಿಗೆಂದು ಮರದ ಕಾಯಿ ಕೊಯ್ಯಲು ಕಾಲಿಟ್ಟವನು ಅಲ್ಲಿಯೇ ಮಾಯವಾದ. ಪಾಡ್ದನದಿಂದ ಪಾಡ್ದನಕ್ಕೆ, ಊರಿಂದ ಊರಿಗೆ ವಿವರಗಳು ಬದಲಾಗುತ್ತವೆ, ತಿರುಳು ಇದೇ. ಇಂದು ಎಲ್ಲ ಜಾತಿಯವರೂ ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳುತ್ತಾರೆ. ಕಳೆದುಹೋದ ವಸ್ತು ಸಿಕ್ಕಲಿ ಎಂದು ಅಜ್ಜನನ್ನು ಬೇಡುತ್ತಾರೆ.

ಆ ನಂಬಿಕೆಯ ತಂಟೆಗೆ ನಾವು ಹೋಗುವುದಿಲ್ಲ. ಆದರೆ ಹಾರಿಹೋದವರ ಕತೆಯನ್ನೂ ಮಾಯವಾದವನ ಕತೆಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿರಿ. ಎರಡರಲ್ಲಿಯೂ ಹೊರೆ ಹೊರುವವನಿದ್ದಾನೆ. ಎರಡರಲ್ಲಿಯೂ ದಾಟಕೂಡದ ಗೆರೆಯಿದೆ. ಎರಡರಲ್ಲಿಯೂ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಕಣ್ಣಿಗೆ ಕಾಣದಾಗುತ್ತಾನೆ. ಅವನಿಗೆ ಏನಾಯಿತೆಂದು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಇಲ್ಲದವರು "ಹಾರಿದ" ಎಂದರು, "ಮಾಯವಾದ" ಎಂದರು. ಈ ಒಂದು ಮಾತಿನಲ್ಲಿ ದುಃಖವೂ ಉಂಟು, ದೂರೂ ಉಂಟು. ಹಾಗೆ ಓದುವುದನ್ನು ಕಲಿಸುವುದೇ ಸಾಹಿತ್ಯದ ಪಾಠ.

ಮಾಯವಾದ ಕೊರಗನಿಗೆ ಕೈಮುಗಿದ ನಾಡಿನಲ್ಲಿಯೇ ಬದುಕಿದ್ದ ಕೊರಗರಿಗೆ ಅಜಲು ಎಂಬ ಪದ್ಧತಿ ಇತ್ತು. ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ಮನೆಯ ಪೀಡೆ ತೊಲಗುತ್ತದೆ ಎಂಬುದು ಅದರ ಒಂದು ಮುಖ. ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದುದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷಗಳಾದ ಮೇಲೆ! ಕತೆಯನ್ನು ಕತೆಯಾಗಿ ಓದಲು ಬಾರದ ಸಮಾಜಕ್ಕೆ ಕಾಯ್ದೆಯೂ ತಡವಾಗಿ ಬರುತ್ತದೆ.

ಇನ್ನು ಅಮೇರಿಕದ ಬರಹಗಾರರ ಕತೆಗಳಿಗೆ ಬರೋಣ. ಮೂರನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರದು. ದೊಡ್ಡ ವಿದ್ವಾಂಸರು, ಹೋರಾಟಗಾರರು. ಅಂಕಿ ಸಂಖ್ಯೆಗಳನ್ನು ಕಲೆಹಾಕಿ ಕಪ್ಪು ಜನರ ಸ್ಥಿತಿಗತಿಯನ್ನು ಲೋಕಕ್ಕೆ ತಿಳಿಸಿದವರು. ಅಂಥವರು 1920ರಲ್ಲಿ 'ಧೂಮಕೇತು' ಎಂಬ ಕತೆಯನ್ನು ಬರೆದರು. ಜಿಮ್ ಎಂಬ ಕಪ್ಪು ಮನುಷ್ಯ ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಜವಾನ. ಯಾರೂ ಇಳಿಯಲೊಪ್ಪದ ನೆಲಮಾಳಿಗೆಗೆ ಅವನನ್ನು ಇಳಿಸುತ್ತಾರೆ. ಅವನು ಒಳಗಿರುವಾಗ ಧೂಮಕೇತುವಿನ ವಿಷಗಾಳಿ ನಗರಕ್ಕೆ ಬಡಿಯುತ್ತದೆ. ಮೇಲೆ ಬಂದು ನೋಡಿದರೆ ಇಡೀ ನಗರ ಹೆಣ. ಉಳಿದವಳು ಸಿರಿವಂತರ ಮನೆಯ ಬಿಳಿಯ ಯುವತಿಯೊಬ್ಬಳು ಮಾತ್ರ. ನಿನ್ನೆಯವರೆಗೆ ಅವನನ್ನು ಮನುಷ್ಯನೆಂದು ಕಾಣದಿದ್ದ ಅವಳು ಇಂದು ಕಾಣುತ್ತಾಳೆ. ಬಣ್ಣದ ಗೆರೆ ಅಳಿಯಿತು ಎನ್ನುವಷ್ಟರಲ್ಲಿ ನಗರದ ಹೊರಗಿನಿಂದ ಅವಳ ತಂದೆ, ಅವನ ಪರಿವಾರದವರು ಬಂದುಬಿಡುತ್ತಾರೆ. ಸತ್ತುದು ಆ ನಗರ ಮಾತ್ರ, ಲೋಕವಲ್ಲ. ಅರೆಗಳಿಗೆಯಲ್ಲಿ ಹಳೆಯ ಬೈಗುಳ ತಿರುಗಿ ಬರುತ್ತದೆ, ಜಿಮ್ ತಿರುಗಿ ಜವಾನನಾಗುತ್ತಾನೆ. ಕೊನೆಗೆ ಅವನ ಹೆಂಡತಿ ಬರುತ್ತಾಳೆ, ಸತ್ತ ಕೂಸನ್ನು ಎತ್ತಿಕೊಂಡು.

ಅಂಕಿ ಸಂಖ್ಯೆಗಳನ್ನು ಬಲ್ಲ ವಿದ್ವಾಂಸರು ಧೂಮಕೇತುವನ್ನು ಏಕೆ ಕರೆದರು? ಎಷ್ಟು ದೊಡ್ಡ ವಿಪತ್ತು ಬಂದರೆ ಈ ಗೆರೆ ಅಳಿದೀತು ಎಂದು ಅಳೆದು ನೋಡುವುದಕ್ಕೆ. ಅಳತೆಯ ಫಲಿತಾಂಶ: ಇಡೀ ನಗರ ಸತ್ತರೂ ಸಾಲದು. ಮಿಲ್ಲಿನಲ್ಲಿ ದುಡಿಯುವ ತಮಗೆ ಈ ಕತೆಯ ಮೊದಲ ಸಾಲುಗಳೇ ಅರ್ಥವಾಗುವಂಥವು. ಅಪಾಯದ ಕೆಲಸಕ್ಕೆ ಯಾರ ಹೆಸರನ್ನು ಮೊದಲು ಕರೆಯುತ್ತಾರೆ ಎಂಬುದನ್ನು ತಾವು ಬಲ್ಲಿರಿ.

ಎರಡನೆಯದು ವ್ಯಾಪಾರದ ಕತೆ. ಅಂಗಡಿಯ ಬಂಧುಗಳು ಗಮನವಿಟ್ಟು ಕೇಳಬೇಕು. ಡೆರಿಕ್ ಬೆಲ್ ಎಂಬ ಕಪ್ಪು ಕಾನೂನು ಪ್ರಾಧ್ಯಾಪಕರು 1992ರಲ್ಲಿ ಪ್ರಕಟಿಸಿದರು. ಆಕಾಶದಿಂದ ವ್ಯಾಪಾರಿಗಳು ಹಡಗುಗಳಲ್ಲಿ ಬಂದು ಅಮೇರಿಕದ ದಡದಲ್ಲಿ ಇಳಿಯುತ್ತಾರೆ. ಸರಕಾರದ ಸಾಲವೆಲ್ಲ ತೀರುವಷ್ಟು ಚಿನ್ನ, ಕೆಟ್ಟ ಗಾಳಿ ನೀರನ್ನು ತಿಳಿಯಾಗಿಸುವ ರಾಸಾಯನಿಕ, ಮುಗಿಯದ ಇಂಧನ, ಇಷ್ಟನ್ನೂ ಕೊಡುತ್ತೇವೆ ಎನ್ನುತ್ತಾರೆ. ಪ್ರತಿಯಾಗಿ ಕೇಳುವುದು ಒಂದನ್ನೇ: ದೇಶದ ಕಪ್ಪು ಜನರನ್ನೆಲ್ಲ ನಮ್ಮ ಹಡಗಿಗೆ ಹತ್ತಿಸಿರಿ. ಸಭೆಗಳು ನಡೆಯುತ್ತವೆ, ಪರ ವಿರೋಧ ಚರ್ಚೆಯಾಗುತ್ತದೆ, ಜನಮತ ತೆಗೆದುಕೊಳ್ಳುತ್ತಾರೆ. ನೂರಕ್ಕೆ 70 ಮಂದಿ "ಕೊಡೋಣ" ಎಂದು ಮತ ಹಾಕುತ್ತಾರೆ. ಎಲ್ಲವೂ ಕಾನೂನಿನ ಪ್ರಕಾರವೇ! ಹಿರಿಯರನ್ನು ಹೇಗೆ ತಂದರೋ ಹಾಗೆಯೇ ಸರಪಳಿಯಲ್ಲಿ ಅವರನ್ನು ಕಳುಹಿಸುತ್ತಾರೆ.

ಇದು ಎಂದಿಗೂ ನಡೆಯದ ಕತೆ ಎಂದು ನಗಬಹುದು. ಆದರೆ ದೇಶದ ಅಭಿವೃದ್ಧಿಯ ತಕ್ಕಡಿಯಲ್ಲಿ ಕೆಲವರ ಮನೆ ಮಠ, ಕೆಲವರ ಹೊಳೆ, ಕೆಲವರ ಕಾಡನ್ನು ಇಟ್ಟು ತೂಗಿ, "ಬಹುಮಂದಿಗೆ ಲಾಭ" ಎಂದು ಲೆಕ್ಕ ಮುಗಿಸುವುದನ್ನು ನಾವು ಕಂಡಿಲ್ಲವೆ? ಬೆಲ್ ಅವರು ಆ ಲೆಕ್ಕದ ಪುಸ್ತಕವನ್ನು ಕೊನೆಯ ಪುಟದವರೆಗೆ ತಿರುವಿ ತೋರಿಸಿದರು. ಯಾರನ್ನು ತಕ್ಕಡಿಯಲ್ಲಿ ಇಡುತ್ತಾರೆ, ಯಾರು ತಕ್ಕಡಿ ಹಿಡಿಯುತ್ತಾರೆ ಎಂದು ಕೇಳುವ ಹುಡುಗ ಮುಂದೆ ಯಾವ ಯೋಜನೆಯ ಕಾಗದ ಬಂದರೂ ಕಣ್ಣುಮುಚ್ಚಿ ಸಹಿ ಹಾಕಲಾರ.

ಮೂರನೆಯದು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ ಕತೆ. ಬರೆದವರು ಆಕ್ಟೇವಿಯಾ ಬಟ್ಲರ್. 1947ರಲ್ಲಿ ಹುಟ್ಟಿದರು. ತಂದೆ ಬೂಟು ಪಾಲಿಶ್ ಮಾಡುತ್ತಿದ್ದವರು, ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡರು. ತಾಯಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಹಿಂಬಾಗಿಲಿನಿಂದ. ಬಟ್ಲರ್ ಅವರೂ ಪಾತ್ರೆ ತೊಳೆದರು, ಕಾರ್ಖಾನೆಯಲ್ಲಿ ಆಲೂಗಡ್ಡೆಯ ಚಿಪ್ಸ್ ಆರಿಸಿದರು, ಹೊಟ್ಟೆಪಾಡಿಗಾಗಿ ಸಿಕ್ಕ ಕೆಲಸ ಮಾಡಿದರು. ರಾತ್ರಿ 2 ಗಂಟೆಗೆ ಎದ್ದು ಕತೆ ಬರೆದು ಆಮೇಲೆ ಕೆಲಸಕ್ಕೆ ಹೋದರು. 2006ರಲ್ಲಿ ತೀರಿಕೊಳ್ಳುವ ಹೊತ್ತಿಗೆ ವಿಜ್ಞಾನ ಕತೆಗಳ ಲೋಕದಲ್ಲಿ ಅವರ ಹೆಸರು ದೊಡ್ಡದಾಗಿತ್ತು.

ಅವರು ಕಾಲೇಜಿನಲ್ಲಿದ್ದಾಗ ಜೊತೆಯ ಕಪ್ಪು ಹುಡುಗನೊಬ್ಬ ಹಿರಿಯರ ಮೇಲೆ ಸಿಡಿಮಿಡಿಗೊಂಡು ಮಾತಾಡಿದ. ಇಷ್ಟು ಕಾಲ ತಗ್ಗಿ ಬಗ್ಗಿ ನಡೆದು ನಮ್ಮನ್ನು ಹಿಂದೆ ಉಳಿಸಿದವರು ಇವರೇ ಎಂಬುದು ಅವನ ಕೋಪ. ಬಟ್ಲರ್ ಅವರಿಗೆ ಹಿಂಬಾಗಿಲಿನಿಂದ ಹೋಗುತ್ತಿದ್ದ ತಾಯಿ ನೆನಪಾದರು. ಆ ಹುಡುಗನಿಗೆ ಕೊಟ್ಟ ಉತ್ತರವೇ 1979ರಲ್ಲಿ ಬಂದ 'ಕಿಂಡ್ರೆಡ್' ಕಾದಂಬರಿ. 1976ರ ಲಾಸ್ ಏಂಜಲಿಸ್ ನಗರದಲ್ಲಿರುವ ಡೇನಾ ಎಂಬ ಓದಿದ ಕಪ್ಪು ಹೆಂಗಸು ತಲೆತಿರುಗಿ ಬಿದ್ದು ಏಳುವಾಗ, ಗುಲಾಮಗಿರಿ ನಡೆಯುತ್ತಿದ್ದ ಕಾಲದ ಮೇರಿಲ್ಯಾಂಡಿನಲ್ಲಿ ಇರುತ್ತಾಳೆ. ಅಲ್ಲಿ ಮುಳುಗುತ್ತಿದ್ದ ಬಿಳಿಯ ಹುಡುಗನನ್ನು ಉಳಿಸುತ್ತಾಳೆ. ಮುಂದೆ ಅವನೇ ಧಣಿ. ಅವನೇ ಅವಳ ವಂಶದ ಹಿರಿಯನೂ ಹೌದು. ಅವನು ಬದುಕದಿದ್ದರೆ ಅವಳೇ ಹುಟ್ಟುವಂತಿಲ್ಲ. ಮತ್ತೆ ಮತ್ತೆ ಆ ಕಾಲಕ್ಕೆ ಎಳೆದು ಹಾಕಲ್ಪಟ್ಟ ಡೇನಾ ಚಾಟಿಯೇಟು ತಿನ್ನುತ್ತಾಳೆ. ಮೊದಲ ದಿನ "ನಾನಾದರೆ ಸಹಿಸುತ್ತಿರಲಿಲ್ಲ" ಎಂಬಂತೆ ಇದ್ದವಳು ಎಷ್ಟು ಬೇಗ ತಲೆತಗ್ಗಿಸುವುದನ್ನು ಕಲಿತೆ ಎಂದು ತನಗೆ ತಾನೇ ಬೆರಗಾಗುತ್ತಾಳೆ. ಕೊನೆಗೆ ತನ್ನ ಕಾಲಕ್ಕೆ ಹಿಂದಿರುಗುವಾಗ ಒಂದು ತೋಳನ್ನೇ ಕಳೆದುಕೊಳ್ಳುತ್ತಾಳೆ.

ಬಂಧುಗಳೇ, ಆ ಹುಡುಗ ಕೇಳಿದ ಪ್ರಶ್ನೆ ನಮ್ಮ ಮನೆಗಳಲ್ಲಿ ಕೇಳಿಬರುವುದಿಲ್ಲವೆ? "ಅಜ್ಜ ಧಣಿಗಳ ಅಂಗಳದಲ್ಲಿ ಏಕೆ ನಿಂತಿದ್ದ? ಗೆರಟೆಯಲ್ಲಿ ಕೊಟ್ಟ ಗಂಜಿಯನ್ನು ಏಕೆ ಕುಡಿದ? ಮುಖಕ್ಕೆ ಎಸೆದು ಬರಬಾರದಿತ್ತೆ?" ಎಂದು ಕಾಲೇಜು ಕಲಿತ ಮೊಮ್ಮಗ ಕೇಳುತ್ತಾನೆ. ಅಜ್ಜ ಉತ್ತರ ಹೇಳದೆ ಹೊರಗೆ ಹೋಗಿ ಕುಳಿತುಕೊಳ್ಳುತ್ತಾನೆ. ಮೊಮ್ಮಗನಿಗೆ ಅಜ್ಜನೆಂದರೆ ನಾಚಿಕೆ. ಅಜ್ಜನಿಗೆ ತನ್ನ ಬದುಕೆಂದರೆ ನಾಚಿಕೆ. ಕಷ್ಟಪಟ್ಟು ಮಕ್ಕಳನ್ನು ಓದಿಸಿದ ಮನೆಯಲ್ಲಿ ಓದೇ ಗೋಡೆಯಾಗಿ ನಿಲ್ಲುತ್ತದೆ. ಬಟ್ಲರ್ ಅವರು ಊಹೆಯ ಬಲದಿಂದ ಮೊಮ್ಮಗಳನ್ನು ಅಜ್ಜಿಯ ಕಾಲಕ್ಕೇ ಕಳುಹಿಸಿದರು. "ಒಂದು ದಿನ ನೀನೇ ಅಲ್ಲಿ ಬದುಕಿ ನೋಡು" ಎಂದರು. ಬದುಕಿ ಉಳಿದುದೇ ಆ ಹಿರಿಯರ ಹೋರಾಟವಾಗಿತ್ತು ಎಂಬುದು ಅವಳಿಗೆ ಅಲ್ಲಿ ತಿಳಿಯಿತು. ಚರಿತ್ರೆಯ ಪುಸ್ತಕ ಇಸವಿ ಹೇಳೀತು. ಅಜ್ಜನ ಬೆನ್ನನ್ನು ಮೊಮ್ಮಗನಿಗೆ ಅಂಟಿಸಲಾರದು. ಕತೆಗೆ ಮಾತ್ರ ಅದು ಸಾಧ್ಯ. ಸಾಹಿತ್ಯದ ಮೊದಲ ಪಾಠದಲ್ಲಿಯೇ ಇಂಥ ಕತೆ ಬೇಕೆಂದು ನಾವು ಹೇಳುವುದು ಈ ಕಾರಣಕ್ಕಾಗಿ.

ಕವಿತೆಯ ಮಾತೂ ಒಂದಿಷ್ಟು. ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಕವಿ ಹಡಗಿನಲ್ಲಿ ಆಳಾಗಿ ದುಡಿದವರು. 1925ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಹೋಟೆಲೊಂದರಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸದಲ್ಲಿದ್ದರು. ನಮ್ಮ ಸೀಮೆಯ ಎಷ್ಟು ಹುಡುಗರು ಬೊಂಬಾಯಿ ಬೆಂಗಳೂರುಗಳ ಹೋಟೆಲುಗಳಲ್ಲಿ ಅದೇ ಕೆಲಸದಿಂದ ಬದುಕು ಆರಂಭಿಸಿದರು ಎಂಬುದನ್ನು ತಮಗೆ ಹೇಳಬೇಕಾದುದಿಲ್ಲ. ಆ ಹೋಟೆಲಿಗೆ ಹೆಸರಾಂತ ಬಿಳಿಯ ಕವಿಯೊಬ್ಬರು ಊಟಕ್ಕೆ ಬಂದಾಗ ಹ್ಯೂಸ್ ತನ್ನ ಕವಿತೆಗಳ ಕಾಗದವನ್ನು ಅವರ ತಟ್ಟೆಯ ಬಳಿ ಇಟ್ಟು ಸುಮ್ಮನೆ ಸರಿದರು. ಮರುದಿನ ಪತ್ರಿಕೆಗಳಲ್ಲಿ ಸುದ್ದಿ. ಆದರೆ ಅವರ ಹೆಸರಾದ ಕವಿತೆಯೊಂದು ಅದಕ್ಕೂ ಮೊದಲೇ, 1921ರಲ್ಲಿ, ಡು ಬಾಯ್ಸ್ ಅವರು ನಡೆಸುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ರೈಲು ಮಿಸಿಸಿಪ್ಪಿ ನದಿಯನ್ನು ದಾಟುವಾಗ ಹೊಳೆದ ಆ ಕವಿತೆಯಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ ಯೂಫ್ರೆಟಿಸ್, ಕಾಂಗೋ, ನೈಲ್, ಮಿಸಿಸಿಪ್ಪಿ ನದಿಗಳನ್ನೆಲ್ಲ ತಾನು ಬಲ್ಲೆನೆಂದು ಹೇಳುತ್ತಾನೆ. ಹೇಗೆ ಬಲ್ಲ? ಅಲ್ಲಿ ಮಾತಾಡುವ "ನಾನು" ಒಬ್ಬ ಹುಡುಗನಲ್ಲ, ಸಾವಿರಾರು ವರ್ಷ ಬದುಕಿದ ಒಂದು ಜನ. ಕವಿತೆಯಲ್ಲಿ "ನಾನು" ಎಂದರೆ ಯಾರು ಎಂದು ಕೇಳುವುದು ಕಾವ್ಯಪಾಠದ ಮೊದಲ ಹೆಜ್ಜೆ. ಪಂಚಗಂಗಾವಳಿಯ ದಡದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಹೆಜ್ಜೆ ಕಷ್ಟವೇನಲ್ಲ. ಸೌಪರ್ಣಿಕೆಯೂ ವಾರಾಹಿಯೂ ಕಂಡುದನ್ನು ನಮ್ಮ ಪರವಾಗಿ "ನಾನು" ಎಂದು ಯಾರು ಹೇಳುತ್ತಾರೆ ಎಂದು ಅವರನ್ನು ಕೇಳಿ ನೋಡಿ.

ಈ ಪುಸ್ತಕಗಳು ಕಾಲೇಜಿನ ಪಾಠಪಟ್ಟಿಗೆ ತಾವಾಗಿ ನಡೆದು ಬಂದವೆ? ಇಲ್ಲ. 1968ರ ನವೆಂಬರ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳೂ ಅವರ ಜೊತೆಗಾರರೂ ಮುಷ್ಕರ ಹೂಡಿದರು. ನಮ್ಮ ಜನರ ಚರಿತ್ರೆ, ನಮ್ಮ ಸಾಹಿತ್ಯ ಇಲ್ಲಿ ಪಾಠವಾಗಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಪೋಲೀಸರ ಲಾಠಿ ಬಿತ್ತು, ನೂರಾರು ಮಂದಿ ಸೆರೆಯಾದರು, 1969ರ ಮಾರ್ಚ್ ತಿಂಗಳವರೆಗೆ ಮುಷ್ಕರ ನಡೆಯಿತು. ಕೊನೆಗೆ ಪಾಠಶಾಖೆ ತೆರೆಯಿತು. ಸಂಬಳಕ್ಕಾಗಿ ಮುಷ್ಕರ ಹೂಡಿದವರು ತಾವು. ಪಾಠಪಟ್ಟಿಗಾಗಿಯೂ ಮುಷ್ಕರ ನಡೆದ ಸಂಗತಿ ತಮಗೆ ನೆನಪಿರಲಿ.

ನಮಗೂ ಆ ಜನಕ್ಕೂ ನಂಟು ಇಂದು ನಿನ್ನೆಯದಲ್ಲ. 1873ರಲ್ಲಿ ಜ್ಯೋತಿಬಾ ಫುಲೆಯವರು ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರ ಬಿಡುಗಡೆಗಾಗಿ ದುಡಿದ ಅಮೇರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಡಾ. ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದರು. ಡು ಬಾಯ್ಸ್ ಉತ್ತರಿಸಿದರು. 1964ರ ಮೇ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಮನೆಗೆ ಹೋಗಿ, ಹೊರಗೆ ಹೋಗಲು ಒಪ್ಪದೆ ಸೆರೆಯಾದರು. 1972ರಲ್ಲಿ ಬೊಂಬಾಯಿಯ ದಲಿತ ಯುವಕರು ಅಮೇರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರಿನ ಮಾದರಿಯಲ್ಲಿ ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡರು.

ನಮ್ಮ ಉತ್ತರಕ್ಕೆ, ಉತ್ತರ ಕನ್ನಡದ ಕಾಡುಗಳಲ್ಲಿ, ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳೇ ಇದ್ದಾರೆ: ಸಿದ್ದಿ ಜನ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರ ರಾವ್ ಜಂಬೆಯವರು ಯಲ್ಲಾಪುರದ ಬಳಿಯ ಮಂಚಿಕೇರಿಯಲ್ಲಿ ಅವರನ್ನು ಕೂಡಿಸಿ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನು ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯವರ 1958ರ ಕಾದಂಬರಿಯಿಂದ ಹುಟ್ಟಿದ ನಾಟಕ ಅದು. ಆಫ್ರಿಕದ ಕತೆ ಸಮುದ್ರ ದಾಟಿ ಬಂದು, ಆಫ್ರಿಕದ ಮಕ್ಕಳ ಬಾಯಲ್ಲಿ ಕನ್ನಡವಾಯಿತು.

ಕನ್ನಡ ಸಾಹಿತ್ಯದಲ್ಲಿಯೂ ಈ ಜಗಳ ನಡೆದೇ ಹೊಸತು ಬಂತು. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು, ಮಂತ್ರಿಗಳು ಪದವಿ ಬಿಟ್ಟರು. ಎರಡು ವರ್ಷಗಳಲ್ಲಿ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ಯುವಕನ ಕೊಲೆಯನ್ನು ಊರು ನುಂಗಿಕೊಂಡಿದೆ. ಮನುಷ್ಯರು ಬಾಯಿ ತೆರೆಯದ ಆ ಊರಿನಲ್ಲಿ ದೀಪದ ಜೋತಮ್ಮರು ಮಾತಾಡುತ್ತಾರೆ, ಮಂಚ ಮಾತಾಡುತ್ತದೆ. ಹಾರುವ ಜನರ ಕತೆಯನ್ನು ಓದಿದ ಹುಡುಗಿಗೆ, ಮಂಚಕ್ಕೆ ಬಾಯಿ ಏಕೆ ಬಂತೆಂದು ಯಾರೂ ಬಿಡಿಸಿ ಹೇಳಬೇಕಾಗದು.

"ದುಡಿಯುವವರಿಗೆ ಕನಸಿನ ಕತೆ ಏಕೆ? ಇದ್ದುದನ್ನು ಇದ್ದಂತೆ ಬರೆದರೆ ಸಾಲದೆ?" ಎಂಬ ಆಕ್ಷೇಪವಿದೆ. ಇದ್ದಂತೆ ಬರೆದ ದೊಡ್ಡ ಪುಸ್ತಕ ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರದು: 1933ರ 'ಚೋಮನ ದುಡಿ'. ಅಸ್ಪೃಶ್ಯನಾದ ಚೋಮನ ಬಳಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಒಂದು ತುಂಡು ಗದ್ದೆಯ ಬೇಸಾಯ ಅವನ ಕನಸು. ಆ ಕನಸು ದುಡಿಯ ಬಡಿತದಲ್ಲಿಯೇ ಮುಗಿಯುತ್ತದೆ. ಅಂದಿನ ನಿಜ ಅದೇ. ಕಾರಂತರು ಬೇರೆ ಬರೆದಿದ್ದರೆ ಸುಳ್ಳಾಗುತ್ತಿತ್ತು. ಆದರೆ ಉಳುವವನಿಗೆ ಭೂಮಿ ಎಂಬ, ಅಂದು ಹುಚ್ಚೆನ್ನಿಸಿದ ಊಹೆ 1974ರಲ್ಲಿ ಭೂಸುಧಾರಣೆಯ ಕಾಯ್ದೆಯಾಯಿತು. ಗೇಣಿ ಹೊತ್ತು ಹಾಕುತ್ತಿದ್ದ ಎಷ್ಟೋ ಒಕ್ಕಲುಗಳು ಈ ತಾಲೂಕಿನಲ್ಲಿಯೇ ಭೂಮಿಯ ಒಡೆಯರಾದರು. ಅದನ್ನು ಮೊದಲು ಊಹಿಸದೆ ಯಾರೂ ಕಾಯ್ದೆಯಾಗಿ ಬರೆಯುವಂತಿರಲಿಲ್ಲ. ಇನ್ನೊಂದನ್ನೂ ನೋಡಿ: ಆ ಕಾಯ್ದೆ ಗೇಣಿದಾರನನ್ನು ಕಂಡಿತು, ಗೇಣಿಯ ಚೀಟಿಯೂ ಇಲ್ಲದ ಕೂಲಿಯಾಳು ಚೋಮನಿಗೆ ಅದರಲ್ಲಿ ಗದ್ದೆ ಸಿಕ್ಕುತ್ತಿರಲಿಲ್ಲ. ಚೋಮನ ಮಕ್ಕಳು ತಾವೇ ಊಹಿಸಿ ಬರೆಯುವ ಕತೆ ಇನ್ನೂ ಬಾಕಿ ಇದೆ ಎಂದು ಇದರ ಅರ್ಥ.

ಇನ್ನೊಂದು ಎಚ್ಚರಿಕೆಯೂ ಬೇಕು. ದೂರದೇಶದ ದುಃಖಕ್ಕೆ ಕಣ್ಣೀರು ಹಾಕುವುದು ಸುಲಭ. ಜಾರ್ಜಿಯಾದ ಗುಲಾಮನಿಗಾಗಿ ಮರುಗಿದ ವಿದ್ಯಾರ್ಥಿ, ಬುಟ್ಟಿ ಮಾರಲು ಬಂದ ಕೊರಗಜ್ಜಿಯನ್ನು ಜಗಲಿಗೆ ಕರೆಯದಿದ್ದರೆ ಆ ಪಾಠ ವ್ಯರ್ಥ. ಆದುದರಿಂದ ನಮ್ಮ ಸಲಹೆ ಇಷ್ಟು. ಡು ಬಾಯ್ಸ್ ಅವರ ಕತೆಯನ್ನು ಓದಿಸುವ ದಿನ ಕೊರಗ ತನಿಯನ ಕತೆಯನ್ನೂ ಹೇಳಿಸಬೇಕು. ಬಲ್ಲ ಹಿರಿಯರನ್ನು, ಅದರಲ್ಲಿಯೂ ಕೊರಗ ಸಮುದಾಯದ ಹಿರಿಯರನ್ನು, ತರಗತಿಗೆ ಗೌರವದಿಂದ ಕರೆದು ಕುರ್ಚಿ ಕೊಟ್ಟು ಕೇಳಬೇಕು. ಬಟ್ಲರ್ ಅವರ ಕಾದಂಬರಿಯನ್ನು ಓದಿದ ವಿದ್ಯಾರ್ಥಿ ಮನೆಯ ಅಜ್ಜ ಅಜ್ಜಿಯರ ಒಂದು ದಿನದ ದುಡಿಮೆಯನ್ನು, ತಾನೇ ಅಲ್ಲಿದ್ದಂತೆ, ಬರೆದು ತರಬೇಕು. ಕವಿತೆಯನ್ನು ಗಟ್ಟಿಯಾಗಿ ಓದಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾರಾಂಶ ಕವಿತೆಯಲ್ಲ. ಪ್ರತಿಯೊಂದು ಕತೆಗೂ ಮೂರು ಪ್ರಶ್ನೆ ಸಾಕು: ಇಲ್ಲಿ ಲೋಕದ ಯಾವ ನಿಯಮವನ್ನು ಬದಲಾಯಿಸಿದ್ದಾರೆ? ಬದಲಾಯಿಸಿದರೂ ಬದಲಾಗದೆ ಉಳಿದುದು ಯಾವುದು? ಅದರ ಬೆಲೆ ತೆತ್ತವರು ಯಾರು?

ಇವನ್ನು ಕೇಳಲು ಪ್ರಾಧ್ಯಾಪಕರೇ ಬೇಕೆಂದಿಲ್ಲ. ಕಾಲೇಜು ಕೇಳದಿದ್ದರೆ ನಮ್ಮ ಓದುಕೂಟ ಕೇಳಲಿ. ಓದಬಲ್ಲ ಮಕ್ಕಳು ಓದಲಿ, ಓದು ಬಾರದ ಹಿರಿಯರು ಕೇಳಲಿ, ಆಮೇಲೆ ಹಿರಿಯರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ತಿಂಗಳಿಗೆ ಒಂದು ಕತೆ, ಒಂದು ಕವಿತೆ. ಇದಕ್ಕೆ ಬೇಕಾದುದು ಒಂದು ದೀಪ, ಎರಡು ಚಾಪೆ, ಒಂದು ಪುಸ್ತಕ.

ಆರಂಭದ ಪ್ರಶ್ನೆಗೆ ಇದು ನಮ್ಮ ಉತ್ತರ. ಅಕ್ಕಿಯ ಧಾರಣೆ, ಸಂಬಳದ ಮಾತು ಮುಖ್ಯವೇ. ಅದನ್ನು ನಾವು ಬಿಡುವುದಿಲ್ಲ. ಆದರೆ ಹೆಚ್ಚು ಸಂಬಳವೆಂಬುದೂ ಇಲ್ಲದ ಒಂದನ್ನು ಮೊದಲು ಊಹಿಸಿದವರಿಗೆ ಮಾತ್ರ ಸಿಕ್ಕಿದ ವಸ್ತು. ಊಹಿಸುವ ಕೆಲಸವನ್ನು ಧಣಿಗಳ ಮಕ್ಕಳಿಗೆ ಬಿಟ್ಟುಕೊಟ್ಟು ಹೊರೆ ಹೊರುವ ಕೆಲಸವನ್ನು ನಮ್ಮ ಮಕ್ಕಳಿಗೆ ಉಳಿಸುವುದು ಬೇಡ. ಮುಂದಿನ ತಿಂಗಳ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರಿಂದ ಕೇಳಿದ ಒಂದು ಕತೆಯನ್ನು ತರಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.